ಗುಂಡನ ತಟ್ಟೆಗೆ ಗ್ರೇನ್ ಫ್ರೀ ಪೌಚ್ ಬೇಕೇ?

ಪ್ರಶ್ನೆ: ನಮ್ಮ ಗುಂಡ ಐದು ವರ್ಷದ ಗಂಡು ಬೆಕ್ಕು. ಸಂತಾನಹರಣ ಚಿಕಿತ್ಸೆ ಆಗಿದೆ. ತೂಕ 5.6 ಕೆ.ಜಿ. ಮರಿಯಾಗಿದ್ದಾಗಿನಿಂದ ಒಣ ಆಹಾರ ತಿಂದೇ ಬೆಳೆದವನು. ನಮ್ಮ ಅತ್ತೆ ಊಟಕ್ಕೆ ಕುಳಿತಾಗ ಎರಡು ತುತ್ತು ಮೊಸರನ್ನವೂ ಸಲ್ಲುತ್ತದೆ. ಕಳೆದ ತಿಂಗಳು ಮೂತ್ರ ಕಟ್ಟಿಕೊಂಡು ಎರಡು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಕಳಿಸುವಾಗ ವೈದ್ಯರು ‘ಇನ್ನು ಮೇಲೆ ವೆಟ್ ಫುಡ್ ಕೊಡಿ’ ಎಂದರು. ಅಂಗಡಿಯವರು, ಬೆಕ್ಕಿಗೆ ಧಾನ್ಯವೇ ವಿಷ, ಇವನು ಕತ್ತು ಕೆರೆದುಕೊಳ್ಳುವುದೂ ಅದರಿಂದಲೇ ಎಂದು ಹೇಳಿ 70 ಗ್ರಾಮಿನ ಗ್ರೇನ್ ಫ್ರೀ, ಅಂದರೆ ಧಾನ್ಯವಿಲ್ಲದ, ಪೌಚ್ ಕೊಟ್ಟರು. ಒಂದಕ್ಕೆ 130 ರೂಪಾಯಿ. ಅಮೆರಿಕದಲ್ಲಿರುವ ತಂಗಿ ಮಾತ್ರ, ಗ್ರೇನ್ ಫ್ರೀ ಕೊಟ್ಟರೆ ಹೃದಯದ ಕಾಯಿಲೆ ಬರುತ್ತದೆ, ಕೊಡಲೇಬೇಡ ಎನ್ನುತ್ತಾಳೆ. ನಮ್ಮದು ಸಸ್ಯಾಹಾರಿ ಮನೆ. ಕೋಳಿ ಬೇಯಿಸಿ ಹಾಕುವುದು ಆಗದ ಮಾತು. ಪೌಚ್ ಕತ್ತರಿಸಿ ಸುರಿಯುವಷ್ಟಕ್ಕೆ ಎಲ್ಲರೂ ಒಪ್ಪಿದ್ದಾರೆ. ಪೌಚಿನ ಎರಡೂ ಬದಿಯ ಫೋಟೊ ಕಳಿಸಿದ್ದೇನೆ. ಯಾವುದನ್ನು ಆರಿಸಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮಗೆ ಮೂವರು ಮೂರು ಮಾತು ಹೇಳಿದ್ದಾರೆ. ಆ ಮೂವರಲ್ಲಿ ಗುಂಡನ ಹೊಟ್ಟೆಯನ್ನು ಕೈಯಿಟ್ಟು ನೋಡಿದವರು ಒಬ್ಬರೇ. ಮೂತ್ರ ಕಟ್ಟಿದ ಗಂಡು ಬೆಕ್ಕಿನ ಮೂತ್ರಕೋಶ ಸಣ್ಣ ಮೋಸಂಬಿಯ ಹಾಗೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಒಮ್ಮೆ ಅದನ್ನು ಮುಟ್ಟಿದವರು ಮತ್ತೆ ಮುಟ್ಟುವ ಸಂದರ್ಭ ಬಾರದಿರಲಿ ಎಂದೇ ಬಯಸುತ್ತಾರೆ. ಆ ವೈದ್ಯರು ನಿಮಗೆ ಹೇಳಿದ್ದು ‘ವೆಟ್’ ಎಂದು, ಅಂದರೆ ನೀರಿನಂಶ ಹೆಚ್ಚಿರುವ ಆಹಾರ. ‘ಗ್ರೇನ್ ಫ್ರೀ’ ಎಂಬುದು ಆಸ್ಪತ್ರೆಗೂ ಅಂಗಡಿಗೂ ನಡುವಿನ ದಾರಿಯಲ್ಲಿ ಸೇರಿಕೊಂಡ ಮಾತು. ಆದ್ದರಿಂದ ಮೊದಲು ನೀರಿನ ವಿಷಯ ಮುಗಿಸಿ ಆಮೇಲೆ ಧಾನ್ಯಕ್ಕೆ ಬರುತ್ತೇನೆ.

ಬೆಕ್ಕಿನ ಪೂರ್ವಜರು ಮರುಭೂಮಿಯ ಅಂಚಿನ ಕಾಡುಬೆಕ್ಕುಗಳು. ಬೇಟೆಯ ಮೈಯಲ್ಲಿರುವ ನೀರೇ ಅವುಗಳ ಮುಖ್ಯ ನೀರು. ಹೀಗಾಗಿ ಬೆಕ್ಕಿಗೆ ಬಾಯಾರಿಕೆಯ ಪ್ರಜ್ಞೆ ಕಡಿಮೆ. ಒಣ ಆಹಾರ ತಿಂದಷ್ಟಕ್ಕೆ ಬೇಕಾದ ನೀರನ್ನು ಅದು ಪೂರ್ತಿಯಾಗಿ ಕುಡಿದು ಸರಿದೂಗಿಸುವುದಿಲ್ಲ. ಲೆಕ್ಕ ನೋಡಿ. ದಿನಕ್ಕೆ 60 ಗ್ರಾಂ ಒಣ ಆಹಾರ ತಿಂದರೆ ಅದರಿಂದ ಸಿಗುವ ನೀರು ಸುಮಾರು 6 ಮಿಲಿಲೀಟರ್, ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು. ಅಷ್ಟೇ ಶಕ್ತಿಯನ್ನು 70 ಗ್ರಾಮಿನ ನಾಲ್ಕು ಪೌಚ್‌ಗಳಿಂದ ಕೊಟ್ಟರೆ ಕೇಳದೆಯೇ 230 ಮಿಲಿಲೀಟರ್ ಒಳಗೆ ಹೋಗುತ್ತದೆ. ಮೂತ್ರ ತೆಳುವಾಗುತ್ತದೆ, ಹರಳುಗಳು ಗುಂಪುಗೂಡುವುದು ಕಷ್ಟವಾಗುತ್ತದೆ, ಬೆಕ್ಕು ಹೆಚ್ಚು ಸಲ ಮೂತ್ರ ಮಾಡುತ್ತದೆ. ಮುಂದಿನ ಭೇಟಿಯಲ್ಲಿ ಮೂತ್ರದ ಸಾಂದ್ರತೆ ಅಳೆಯಲು ಹೇಳಿ. 1.035ಕ್ಕಿಂತ ಕೆಳಗಿದ್ದರೆ ಆಹಾರ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಈ ಕೆಲಸಕ್ಕೆ ಪೌಚಿನಲ್ಲಿ ಅಕ್ಕಿ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಈಗ ಧಾನ್ಯ. ಬೆಕ್ಕು ಮನುಷ್ಯನ ಅಂಗಳಕ್ಕೆ ಬಂದದ್ದೇ ಕಣಜದ ದೆಸೆಯಿಂದ. ಆದರೆ ಕಾಳಿಗಲ್ಲ, ಕಾಳಿಗೆ ಬಂದ ಇಲಿಗೆ. ಅದು ಅಪ್ಪಟ ಮಾಂಸಾಹಾರಿ. ಸಿಹಿರುಚಿ ಅದರ ನಾಲಿಗೆಗೆ ತಿಳಿಯುವುದೇ ಇಲ್ಲ, ಪಿಷ್ಟ ಒಡೆಯುವ ಕಿಣ್ವ ಅದರ ಜೊಲ್ಲಿನಲ್ಲಿಲ್ಲ. ಬೆಕ್ಕಿಗೆ ಧಾನ್ಯ ಬೇಕಿಲ್ಲ ಎನ್ನುವುದು ಈ ಅರ್ಥದಲ್ಲಿ ನಿಜ. ಆದರೆ ಬೇಕಿಲ್ಲದ್ದೆಲ್ಲ ವಿಷವಲ್ಲ. ಚೆನ್ನಾಗಿ ಬೆಂದ ಪಿಷ್ಟದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗವನ್ನು ಬೆಕ್ಕಿನ ಕರುಳು ಅರಗಿಸಿಕೊಳ್ಳುತ್ತದೆ. ಪ್ರಶ್ನೆ ಇರುವುದು ಪ್ರಮಾಣದಲ್ಲಿ. ‘ಗ್ರೇನ್ ಫ್ರೀ’ ಎಂಬ ಎರಡು ಪದ ಪ್ರಮಾಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಕ್ಕಿ, ಗೋಧಿ, ಜೋಳ ತೆಗೆದು ಅದೇ ಜಾಗಕ್ಕೆ ಆಲೂಗಡ್ಡೆ, ಬಟಾಣಿ, ಮರಗೆಣಸಿನ ಪಿಷ್ಟ ಹಾಕಿದರೂ ಪ್ಯಾಕೆಟ್ಟಿನ ಮೇಲೆ ಗ್ರೇನ್ ಫ್ರೀ ಎಂದೇ ಬರೆಯಬಹುದು. ಏಕಾದಶಿಯ ದಿನ ಅನ್ನ ಬಿಟ್ಟು ಸಾಬೂದಾನಿ ಖಿಚಡಿಯನ್ನು ಎರಡು ತಟ್ಟೆ ತಿಂದ ಹಾಗೆ.

ಧಾನ್ಯದ ಭಯ ಬರಿಯ ಗಾಳಿಮಾತಿನಿಂದ ಹುಟ್ಟಿದ್ದಲ್ಲ ಎನ್ನುವುದನ್ನೂ ಹೇಳಬೇಕು. 2007ರಲ್ಲಿ ಚೀನಾದಿಂದ ಉತ್ತರ ಅಮೆರಿಕಕ್ಕೆ ಬಂದ, ಗೋಧಿಯ ಪ್ರೋಟೀನ್ ಆದ ಗ್ಲುಟೆನ್‌ನಲ್ಲಿ, ಪ್ರೋಟೀನ್ ಹೆಚ್ಚಿದೆ ಎಂದು ತೋರಿಸಲು ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದರು. ಅದನ್ನು ಬಳಸಿ ಮಾಡಿದ ಡಬ್ಬಿ ಆಹಾರ ತಿಂದು ಬಹಳಷ್ಟು ನಾಯಿ, ಬೆಕ್ಕುಗಳ ಮೂತ್ರಪಿಂಡ ಕೆಟ್ಟಿತು. ತಪ್ಪು ಗೋಧಿಯದಲ್ಲ, ಕಲಬೆರಕೆಯದು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಗೋಧಿ.

ಕೆರೆತದ ಬಗ್ಗೆ ಅಂಗಡಿಯವರ ಮಾತನ್ನು ನಾನು ಒಪ್ಪುವುದಿಲ್ಲ. ಬೆಕ್ಕುಗಳ ಆಹಾರ ಅಲರ್ಜಿಯ ಕುರಿತು ಅದುವರೆಗೆ ವರದಿಯಾಗಿದ್ದ 78 ಪ್ರಕರಣಗಳನ್ನು 2016ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ದನದ ಮಾಂಸಕ್ಕೆ ಅಲರ್ಜಿ ಇದ್ದದ್ದು ಶೇ 18ರಷ್ಟು ಬೆಕ್ಕುಗಳಿಗೆ, ಮೀನಿಗೆ ಶೇ 17, ಕೋಳಿಗೆ ಶೇ 5. ಗೋಧಿ, ಮೆಕ್ಕೆಜೋಳ, ಹಾಲಿನ ಪದಾರ್ಥ ತಲಾ ಶೇ 4. ಅಂದರೆ ಬೆಕ್ಕಿಗೆ ಆಹಾರ ಒಗ್ಗದಿದ್ದಾಗ ಮೊದಲು ಅನುಮಾನಿಸಬೇಕಾದದ್ದು ಮಾಂಸವನ್ನು. ಅದಕ್ಕೂ ಮೊದಲು ಚಿಗಟವನ್ನು. ಇವತ್ತು ಸಂಜೆ ಒಂದು ಕೆಲಸ ಮಾಡಿ: ಹೇನು ತೆಗೆಯುವ ಒತ್ತು ಹಲ್ಲಿನ ಬಾಚಣಿಗೆಯಿಂದ ಗುಂಡನ ಕತ್ತು ಮತ್ತು ಬಾಲದ ಬುಡವನ್ನು ಬಾಚಿ. ಉದುರಿದ್ದನ್ನು ಒದ್ದೆ ಮಾಡಿದ ಬಿಳಿ ಹತ್ತಿಯ ಮೇಲೆ ಹಾಕಿ ಎರಡು ನಿಮಿಷ ಕಾಯಿರಿ. ಕಾಳುಮೆಣಸಿನ ಪುಡಿಯಂಥ ಕಪ್ಪು ಚುಕ್ಕೆಗಳ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಬಣ್ಣ ಗುಂಡನದೇ ರಕ್ತದ್ದು. ಔಷಧಿಯನ್ನು ವೈದ್ಯರಿಂದ ಕೇಳಿ ಪಡೆಯಿರಿ. ಪಕ್ಕದ ಮನೆಯ ನಾಯಿಗೆ ತಂದ ಉಣ್ಣೆ ಔಷಧವನ್ನು ಅರ್ಧ ಹಾಕಿದರೆ ಸಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಂಥ ಕೆಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ನಿಜವಾದ ವಿಷ. ಚಿಗಟವೂ ಇಲ್ಲ, ಕಿವಿಯಲ್ಲಿ ನುಸಿಯೂ ಇಲ್ಲ, ಹುಳುಕಡ್ಡಿಯೂ ಇಲ್ಲ ಎಂದಾದ ಮೇಲೆ ಎಂಟು ವಾರಗಳ ಪಥ್ಯದ ಪರೀಕ್ಷೆ ಇದೆ. ಅದು ಅಂಗಡಿಯಲ್ಲಿ ನಿಂತು ತೀರ್ಮಾನಿಸುವ ಸಂಗತಿಯಲ್ಲ.

ನಿಮ್ಮ ತಂಗಿ ಹೇಳುವುದಕ್ಕೆ ಆಧಾರವಿದೆ, ಆದರೆ ಅದು ಮುಖ್ಯವಾಗಿ ನಾಯಿಗಳ ಕತೆ. ಹೃದಯದ ಸ್ನಾಯು ತೆಳುವಾಗಿ ಹಿಗ್ಗುವ ಕಾಯಿಲೆಗೂ ಗ್ರೇನ್ ಫ್ರೀ ಆಹಾರಕ್ಕೂ ಸಂಬಂಧ ಇರಬಹುದೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲಿ ತನಿಖೆ ಶುರುಮಾಡಿತು. 2019ರ ಜೂನ್‌ನಲ್ಲಿ ಅದು ಪ್ರಕಟಿಸಿದ 524 ವರದಿಗಳಲ್ಲಿ 515 ನಾಯಿಗಳವು, 9 ಬೆಕ್ಕುಗಳವು. ಆ ಆಹಾರಗಳಲ್ಲಿ ಬಹುಪಾಲಿನಲ್ಲಿ ಬಟಾಣಿ, ಬೇಳೆ ಧಾರಾಳವಾಗಿದ್ದವು. ಕಾರಣ ಇದೇ ಎಂದು ಸಾಬೀತಾಗಲಿಲ್ಲ. ಹೊಸ ವೈಜ್ಞಾನಿಕ ಮಾಹಿತಿ ಸಿಗುವವರೆಗೆ ಈ ಬಗ್ಗೆ ಮತ್ತೆ ಪ್ರಕಟಣೆ ಹೊರಡಿಸುವುದಿಲ್ಲ ಎಂದು 2022ರ ಕೊನೆಯಲ್ಲಿ ಎಫ್‌ಡಿಎ ಹೇಳಿತು. ಇದರಿಂದ ನಾನು ತೆಗೆದುಕೊಳ್ಳುವುದು ಇಷ್ಟೇ: ಪದಾರ್ಥಗಳ ಪಟ್ಟಿಯ ಮೊದಲ ನಾಲ್ಕೈದು ಹೆಸರುಗಳಲ್ಲಿ ಬಟಾಣಿ, ಬೇಳೆ, ಕಡಲೆ ಬಂದರೆ ಆ ಪೌಚನ್ನು ಮತ್ತೆ ಕಪಾಟಿನಲ್ಲಿಡುತ್ತೇನೆ.

ಬೆಕ್ಕಿನ ಹೃದಯಕ್ಕೆ ಸಂಬಂಧಿಸಿದ, ನಿಸ್ಸಂದೇಹವಾದ ಕತೆ ಬೇರೆಯೇ ಇದೆ. ಅದರ ನಾಯಕ ಟಾರಿನ್ ಎಂಬ, ಅಮೈನೊ ಆಮ್ಲದ ಜಾತಿಯ ಪೋಷಕಾಂಶ. ನಾವೂ ನಾಯಿಗಳೂ ಇದನ್ನು ದೇಹದಲ್ಲೇ ಸಾಕಷ್ಟು ತಯಾರಿಸಿಕೊಳ್ಳುತ್ತೇವೆ. ಬೆಕ್ಕಿಗೆ ಆ ಶಕ್ತಿ ಸಾಲದು. ಮಾಂಸದಿಂದ ಅಥವಾ ಆಹಾರಕ್ಕೆ ಸೇರಿಸಿದ್ದರಿಂದಲೇ ಸಿಗಬೇಕು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಸವೆಯುತ್ತದೆ ಎಂದು 1975ರಲ್ಲಿ ಗೊತ್ತಾಯಿತು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಹೃದಯ ಹಿಗ್ಗುವ ಕಾಯಿಲೆಗೂ ಅದೇ ಕಾರಣವೆಂದು ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಅಂಗಡಿಯ ಆಹಾರವನ್ನೇ. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಆಮೇಲೆ ತಯಾರಕರು ಪ್ರಮಾಣ ಏರಿಸಿದರು, ಕಾಯಿಲೆ ಅಪರೂಪವಾಯಿತು. ಇವತ್ತು ಪ್ರಾಣಿಗಳ ಆಹಾರಕ್ಕೆ ಮಾದರಿ ನಿಯಮ ರೂಪಿಸುವ ಅಮೆರಿಕದ ಸಂಸ್ಥೆ ಎಎಎಫ್‌ಸಿಒ ಮಾನದಂಡದ ಪ್ರಕಾರ ನೀರಿನಂಶ ತೆಗೆದ ಲೆಕ್ಕದಲ್ಲಿ ಒಣ ಆಹಾರಕ್ಕೆ ಶೇ 0.1, ಡಬ್ಬಿ ಆಹಾರಕ್ಕೆ ಅದರ ಎರಡರಷ್ಟು, ಶೇ 0.2 ಟಾರಿನ್ ಇರಬೇಕು. ಹಾಲು, ಅನ್ನ, ಮೊಸರಿನಲ್ಲೇ ಬೆಳೆದ ಬೆಕ್ಕುಗಳು ಕಣ್ಣು ಕಾಣದೆ ಗೋಡೆಗೆ ತಾಗುತ್ತ ನನ್ನ ಬಳಿ ಬಂದಿವೆ. ಹೃದಯ ಚೇತರಿಸಿಕೊಳ್ಳಬಹುದು, ಹೋದ ಅಕ್ಷಿಪಟಲ ಮರಳುವುದಿಲ್ಲ. ನೀವು ಕೇಳಿಲ್ಲ, ಆದರೂ ಸಸ್ಯಾಹಾರಿ ಮನೆಗಳಿಂದ ಈ ಪ್ರಶ್ನೆ ಯಾವಾಗಲೂ ಬರುವುದರಿಂದ ಹೇಳಿಬಿಡುತ್ತೇನೆ: ಬೆಕ್ಕನ್ನು ಸಸ್ಯಾಹಾರಿ ಮಾಡುವ ಪ್ರಯತ್ನ ಬೇಡ. ಪೌಚಿಗೆ ಒಪ್ಪಿದ ನಿಮ್ಮ ಮನೆಯವರು ದೊಡ್ಡ ಮನಸ್ಸು ಮಾಡಿದ್ದಾರೆ, ಅಷ್ಟು ಸಾಕು.

ಇನ್ನು ನೀವು ಕಳಿಸಿದ ಫೋಟೊ. ಮುಂಭಾಗದಲ್ಲಿ ಹೊಳೆಯುವ ಮೀನು, ದಪ್ಪಕ್ಷರದಲ್ಲಿ ಗ್ರೇನ್ ಫ್ರೀ. ಹಿಂಭಾಗವನ್ನು ದೊಡ್ಡದು ಮಾಡಿ ಓದಿದೆ. ಪದಾರ್ಥಗಳು: ಟ್ಯೂನಾ, ಮೀನು ಬೇಯಿಸಿದ ನೀರು, ಮರಗೆಣಸಿನ ಪಿಷ್ಟ, ಗೌರ್ ಗಮ್ ಎಂಬ ಗೋರಿಕಾಯಿ ಬೀಜದ ಅಂಟು. ಅಷ್ಟೇ. ಟಾರಿನ್ ಇಲ್ಲ, ವಿಟಮಿನ್ ಇಲ್ಲ, ಕ್ಯಾಲ್ಸಿಯಂ ಇಲ್ಲ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಕಾಂಪ್ಲಿಮೆಂಟರಿ ಪೆಟ್ ಫುಡ್’ ಎಂದಿದೆ. ಅಂದರೆ ಇದು ಊಟವಲ್ಲ, ಉಪ್ಪಿನಕಾಯಿ. ತಯಾರಕರು ಸುಳ್ಳು ಹೇಳಿಲ್ಲ. ನಿಜವನ್ನು ಚಿಕ್ಕದಾಗಿ ಹೇಳಿದ್ದಾರೆ.

ಅದರ ಪಕ್ಕದಲ್ಲಿ, ನನ್ನ ಮೇಜಿನ ಮೇಲಿರುವ, 50 ರೂಪಾಯಿ ಆಸುಪಾಸಿನ ಸಾಮಾನ್ಯ ಕೋಳಿ ಪೌಚನ್ನು ಇಟ್ಟು ನೋಡೋಣ. ಇದರಲ್ಲಿ ಕೋಳಿ, ಪಿತ್ತಜನಕಾಂಗ, ಗೋಧಿ ಗ್ಲುಟೆನ್, ಖನಿಜ, ವಿಟಮಿನ್, ಟಾರಿನ್ ಇವೆ. ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್, ವಯಸ್ಕ ಬೆಕ್ಕುಗಳಿಗೆ’ ಎಂಬ ಸಾಲೂ ಇದೆ. ನಿಮ್ಮ ಪೌಚಿನಲ್ಲಿ ಪ್ರೋಟೀನ್ ಶೇ 11, ಇದರಲ್ಲಿ ಶೇ 9. ನೀರಿನಂಶ ಅದರಲ್ಲಿ ಶೇ 86, ಇದರಲ್ಲಿ ಶೇ 82. ನೀರನ್ನು ಕಳೆದು ಹೋಲಿಸುವುದು ನಿಯಮ: 11ನ್ನು ಉಳಿದ 14ರಿಂದ ಭಾಗಿಸಿದರೆ ಸುಮಾರು ಶೇ 79, 9ನ್ನು 18ರಿಂದ ಭಾಗಿಸಿದರೆ ಶೇ 50. ವಯಸ್ಕ ಬೆಕ್ಕಿಗೆ ಎಎಎಫ್‌ಸಿಒ ಕೇಳುವ ಕನಿಷ್ಠ ಶೇ 26. ಎರಡೂ ದಾಟಿದವು. ಇನ್ನು ಪಿಷ್ಟದ ಲೆಕ್ಕ. ಅದನ್ನು ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ, ನಾವೇ ಕಳೆದು ತೆಗೆಯಬೇಕು. ಕೋಳಿ ಪೌಚಿನಲ್ಲಿ ನೂರರಿಂದ ನೀರು 82, ಪ್ರೋಟೀನ್ 9, ಕೊಬ್ಬು 4, ನಾರು 1, ಬೂದಿ (ಖನಿಜಾಂಶ) 2 ಕಳೆದರೆ ಉಳಿಯುವುದು 2. ನೀರು ತೆಗೆದ ಲೆಕ್ಕದಲ್ಲಿ ಶೇ 11. ಗುಂಡ ಇಷ್ಟು ದಿನ ತಿಂದ ಒಣ ಆಹಾರದಲ್ಲಿ ಇದೇ ಲೆಕ್ಕ ಶೇ 40ರ ಹತ್ತಿರ ಬರುವುದು ಸಾಮಾನ್ಯ. ಗೋಧಿಯ ಹೆಸರಿರುವ ಪೌಚಿನಲ್ಲಿ ಪಿಷ್ಟ ಇಷ್ಟು ಕಡಿಮೆ ಹೇಗೆ? ಗ್ಲುಟೆನ್ ಎಂಬುದು ಗೋಧಿಯ ಪಿಷ್ಟ ತೊಳೆದ ಮೇಲೆ ಉಳಿಯುವ ಪ್ರೋಟೀನ್. ಚಿರೋಟಿ ಹಿಟ್ಟು ನಾದಿ ನೀರಿನಲ್ಲಿ ಕಿವುಚಿದಾಗ ಬಿಳಿ ನೀರೆಲ್ಲ ಹೋಗಿ ಕೈಯಲ್ಲಿ ಉಳಿಯುವ ರಬ್ಬರಿನಂಥ ಮುದ್ದೆ ಅದೇ.

ಆಮೇಲೆ ಕ್ಯಾಲೊರಿ. ನಿಮ್ಮ ಟ್ಯೂನಾ ಪೌಚಿನಲ್ಲಿ ಕೊಬ್ಬು ಶೇ 0.5 ಮಾತ್ರ, ಒಂದರಲ್ಲಿ ಸುಮಾರು 32 ಕ್ಯಾಲೊರಿ ಇರುತ್ತದೆ. ಕೋಳಿಯದರಲ್ಲಿ ಸುಮಾರು 51. ಗುಂಡ ನಾಲ್ಕೂವರೆ ಕೆ.ಜಿ. ಇರಬೇಕಾದವನು, ಅವನಿಗೆ ದಿನಕ್ಕೆ 200ರಿಂದ 220 ಕ್ಯಾಲೊರಿ ಸಾಕು. ಟ್ಯೂನಾ ಒಂದರಿಂದಲೇ ಹೊಟ್ಟೆ ತುಂಬಿಸಹೊರಟರೆ ದಿನಕ್ಕೆ ಆರೇಳು ಪೌಚ್, 900 ರೂಪಾಯಿಯ ಹತ್ತಿರ. ಆಗಲೂ ಪೋಷಣೆ ಅರೆಬರೆ. ಬರೀ ಮೀನು ತಿನ್ನುವ ಬೆಕ್ಕುಗಳಲ್ಲಿ ವಿಟಮಿನ್ ಇ ಕಡಿಮೆಯಾಗಿ ಮೈಯ ಕೊಬ್ಬೇ ಉರಿಯೂತಕ್ಕೆ ಒಳಗಾಗುವುದುಂಟು. ಬೆನ್ನು ಸವರಿದರೂ ನೋವಿನಿಂದ ಕಿರುಚುತ್ತವೆ. ದಿನಾ ಬೂತಾಯಿ, ಬಂಗುಡೆಯ ಮೇಲೆಯೇ ಬದುಕುವ ಕರಾವಳಿಯ ಸಾಕು ಬೆಕ್ಕುಗಳಿಗೂ ಈ ಅಪಾಯ ಇದೆ. ಮನೆಯಲ್ಲಿ ಉಳಿದಿರುವ ಟ್ಯೂನಾ ಪೌಚ್‌ಗಳನ್ನು ಎಸೆಯಬೇಡಿ. ವಾರಕ್ಕೊಂದೆರಡು ಸಲ, ಬೇರೆ ಊಟದ ಮೇಲೆ ಒಂದೆರಡು ಚಮಚ ಹಾಕಿ.

ಹಾಗಾದರೆ ಯಾವುದು ಕೊಳ್ಳುವುದು? ಮೊದಲು ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಮೂತ್ರದಲ್ಲಿ ಯಾವ ಹರಳು ಸಿಕ್ಕಿತು ಎಂದು ಕೇಳಿ. ಸ್ಟ್ರುವೈಟ್ ಆಗಿದ್ದರೆ ಅದನ್ನು ಕರಗಿಸುವ, ವೈದ್ಯರು ಬರೆದುಕೊಡುವ ಯೂರಿನರಿ ಪಥ್ಯದ ಪೌಚ್‌ಗಳಿವೆ. ಇನ್ನೊಂದು ಬಗೆಯ ಹರಳಾದ ಕ್ಯಾಲ್ಸಿಯಂ ಆಕ್ಸಲೇಟ್ ಯಾವ ಆಹಾರದಿಂದಲೂ ಕರಗುವುದಿಲ್ಲ, ಅದು ಮತ್ತೆ ಆಗದಂತೆ ತಡೆಯಲು ನೀರೇ ಮುಖ್ಯ ದಾರಿ. ಯೂರಿನರಿ ಪಥ್ಯ ಬೇಕೆಂದರೆ ಅದನ್ನೇ ಕೊಡಿ. ಅದರ ಪಟ್ಟಿಯಲ್ಲಿ ಅಕ್ಕಿಯೋ ಮೆಕ್ಕೆಜೋಳವೋ ಕಾಣಿಸಬಹುದು. ಆ ಒಂದು ಕಾರಣಕ್ಕೆ ಅದನ್ನು ಬಿಟ್ಟು ಗ್ರೇನ್ ಫ್ರೀ ಕಡೆಗೆ ಹೋದ ಬೆಕ್ಕೊಂದಕ್ಕೆ ನಾನು ಮೂರು ತಿಂಗಳಲ್ಲಿ ಎರಡನೆಯ ಸಲ ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯುವ ಕೊಳವೆ, ಹಾಕಿದ್ದೇನೆ.

ಪಥ್ಯ ಬೇಕಿಲ್ಲ ಎಂದರೆ, ‘ಕಂಪ್ಲೀಟ್’ ಎಂದು ಬರೆದಿರುವ, ಟಾರಿನ್ ಸೇರಿಸಿರುವ, ಕೋಳಿ ಮುಖ್ಯವಾಗಿರುವ ಯಾವ ಪೌಚ್ ಆದರೂ ಸರಿ. ಪೂರ್ತಿ ಪೌಚ್ ಊಟಕ್ಕೆ ದಿನಕ್ಕೆ ನಾಲ್ಕು ಬೇಕು. 50 ರೂಪಾಯಿಯ ಲೆಕ್ಕದಲ್ಲಿ ತಿಂಗಳಿಗೆ 6,000. ಅಷ್ಟು ಆಗದಿದ್ದರೆ ಎರಡು ಪೌಚ್ ಮತ್ತು 30 ಗ್ರಾಂ ಒಣ ಆಹಾರ. ಒಣದ್ದನ್ನು ತೂಕ ಮಾಡಿಯೇ ಹಾಕಿ, ಬಟ್ಟಲಿನಲ್ಲಿ ದಿನವಿಡೀ ಬಿಡಬೇಡಿ. ಪೌಚಿಗೆ ಒಂದೆರಡು ಚಮಚ ಬೆಚ್ಚಗಿನ ನೀರನ್ನೂ ಬೆರೆಸಿ. ನನ್ನ ಬಳಿ ಬರುವ ಹೆಚ್ಚಿನ ಮನೆಗಳಲ್ಲಿ ವರ್ಷಗಟ್ಟಲೆ ನಡೆದುಕೊಂಡು ಹೋಗುವುದು ಈ ಎರಡನೆಯ ಏರ್ಪಾಡೇ. ಸಂಪೂರ್ಣ ಆಹಾರವೂ ಆಗಿರುವ, ಮಾಂಸ ಹೆಚ್ಚಿರುವ ಗ್ರೇನ್ ಫ್ರೀ ಪೌಚ್ ಸಿಕ್ಕಿ, ಕೈಗೂ ಎಟಕುವಂತಿದ್ದರೆ ಅದನ್ನೂ ಕೊಡಬಹುದು, ನನ್ನ ತಕರಾರಿಲ್ಲ. ಒಂದೇ ಎಚ್ಚರ: ಇಂಥವುಗಳಲ್ಲಿ ರಂಜಕ ಹೆಚ್ಚಿರಬಹುದು. ಈಗಲ್ಲದಿದ್ದರೂ ಎಂಟು ಹತ್ತು ವರ್ಷ ದಾಟಿದ ಮೇಲೆ, ಮೂತ್ರಪಿಂಡದ ಪರೀಕ್ಷೆಯಲ್ಲಿ ಏರುಪೇರು ಕಂಡರೆ ಬದಲಾಯಿಸಬೇಕಾಗುತ್ತದೆ.

ನಿಮ್ಮ ಮನೆಗೆ 70 ಗ್ರಾಮಿನ ಸಣ್ಣ ಪೌಚೇ ಅನುಕೂಲ, ದೊಡ್ಡ ಡಬ್ಬಿ ಬೇಡ. ತೆರೆದು ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಬಳಸಬಹುದು ನಿಜ. ಆದರೆ ಹಾಲು, ದೋಸೆ ಹಿಟ್ಟಿನ ಪಕ್ಕ ಅದಕ್ಕೆ ಜಾಗ ಸಿಗುತ್ತದೆಯೇ ಎಂಬ ಮಾತು ಏಳುವುದು ಬೇಡ. ಒಂದು ಹೊತ್ತಿಗೆ ಒಂದು ಪೌಚ್, ಮುಗಿಯಿತು. ತಟ್ಟೆಯಲ್ಲಿ ಉಳಿದದ್ದನ್ನು ಬೇಸಿಗೆಯಲ್ಲಿ ಒಂದು ಗಂಟೆಯ ಮೇಲೆ ಇಡಬೇಡಿ.

ಬದಲಾವಣೆ ನಿಧಾನವಾಗಿರಲಿ, ಹತ್ತು ದಿನವಾದರೂ ತೆಗೆದುಕೊಳ್ಳಿ. ಐದು ವರ್ಷ ಕುರುಕಲು ತಿಂದವನಿಗೆ ಗ್ರೇವಿ ಆಹಾರವೆಂದೇ ಅನ್ನಿಸದಿರಬಹುದು. ಪೌಚನ್ನು ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ಮುಳುಗಿಸಿ ಬೆಚ್ಚಗೆ ಮಾಡಿ, ಚಪ್ಪಟೆ ತಟ್ಟೆಗೆ ಸುರಿದು, ಮೇಲೆ ಅವನ ಹಳೆಯ ಕಾಳುಗಳನ್ನು ನಾಲ್ಕು ಉದುರಿಸಿ. ‘ಹಸಿದರೆ ತಾನಾಗಿ ತಿನ್ನುತ್ತಾನೆ’ ಎಂಬ ಉಪಾಯ ಮಾತ್ರ ಬೇಡ. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ನುಗ್ಗಿ ಜೀವಕ್ಕೇ ಅಪಾಯವಾಗುತ್ತದೆ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಹಳೆಯ ಆಹಾರ ಕೊಟ್ಟು ಮರುದಿನ ಮತ್ತೆ ಶುರುಮಾಡಿ. ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ ಕುಳಿತು ಏನೂ ಬಾರದೆ ಕೂಗಿಕೊಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಆ ಹೊತ್ತಿಗೆ ಆಹಾರದ ಚರ್ಚೆಗೆ ಅರ್ಥವಿಲ್ಲ, ಆಟೊ ಹಿಡಿಯಿರಿ.

ಧಾನ್ಯದ ವಿಷಯದಲ್ಲಿ ನಿಮ್ಮ ಪತ್ರದ ಒಂದೇ ಒಂದು ಕಡೆ ನಾನು ಪೆನ್ಸಿಲಿನಲ್ಲಿ ಗೀಟು ಎಳೆದೆ: ಅತ್ತೆಯವರ ಮೊಸರನ್ನ. ಎರಡು ತುತ್ತಿನ ಅನ್ನದಿಂದ ಅವನ ಮೂತ್ರ ಕಟ್ಟಲಿಲ್ಲ, ಅವರು ನೊಂದುಕೊಳ್ಳಬೇಕಿಲ್ಲ. ಆದರೆ ಮೊಸರನ್ನಕ್ಕೆ ಹಸಿ ಈರುಳ್ಳಿ ಹೆಚ್ಚಿ ಹಾಕುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಅದು ಇವತ್ತೇ ನಿಲ್ಲಲಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅವನು ಅತ್ತೆಯವರ ಪಕ್ಕ ಬಂದು ಕೂರುವುದು ಬಹುಶಃ ಅನ್ನಕ್ಕಲ್ಲ, ಮೊಸರಿನ ಕೆನೆಗೆ. ಬೆರಳ ತುದಿಯಲ್ಲಿ ಒಂದಿಷ್ಟು ಕೆನೆ ನೆಕ್ಕಿಸಲಿ, ಅದನ್ನು ನಾನು ಕ್ಯಾಲೊರಿ ಲೆಕ್ಕಕ್ಕೆ ಹಿಡಿಯುವುದಿಲ್ಲ.